ಹೊಟ್ಟೆ ತೊಳಸಿದ್ದನ್ನೂ ಬರೆದಿಡಿ: ಕ್ಷೇತ್ರಕಾರ್ಯಕ್ಕೆ ಹೊರಟವರಿಗೆ

ಕ್ಷೇತ್ರಕಾರ್ಯಕ್ಕೆ, ಅಂದರೆ ಜನರ ನಡುವೆಯೇ ಇದ್ದು ಅವರ ಬದುಕನ್ನು ಅಧ್ಯಯನ ಮಾಡಲು, ಹೊರಟ ವಿದ್ಯಾರ್ಥಿಗಳ ಚೀಲ ನೋಡುತ್ತಿರುತ್ತೇನೆ. ಪ್ರಶ್ನಾವಳಿಯ ಜೆರಾಕ್ಸ್, ರೆಕಾರ್ಡರ್, ಪವರ್ ಬ್ಯಾಂಕ್, ಕೊಡೆ, ಕಾಲೇಜಿನ ಪರಿಚಯಪತ್ರ, ಎಲ್ಲ ಇರುತ್ತದೆ. ಹದಿನೈದು ದಿನ ಬಿಟ್ಟು ಫೋನ್ ಬರುತ್ತದೆ. "ಮೇಡಂ, ಯಾಕೋ ಬೇಜಾರು. ಒಬ್ಬರ ಮುಖ ನೋಡಿದ್ರೇ ಸಿಟ್ಟು ಬರ್ತದೆ. ಇದನ್ನೆಲ್ಲ ಬರೀಬೇಕಾ, ಬೇಡ್ವಾ?"

ಬರೀಬೇಕು. ಎಲ್ಲಿ, ಹೇಗೆ, ಎಷ್ಟು, ಬರೆದದ್ದನ್ನು ಆಮೇಲೆ ಏನು ಮಾಡುವುದು ಅಂತ ಪ್ರತಿ ವರ್ಷ ಫೋನಿನಲ್ಲೇ ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ನಾನು ಶಿರಸಿ ಕಡೆಯ ಹವ್ಯಕರ ಮನೆಯವಳು. ಸಂಶೋಧನೆ ಮಾಡಿದ್ದು ಘಟ್ಟದ ಕೆಳಗೆ, ಕುಮಟಾ–ಅಂಕೋಲಾ ಕರಾವಳಿಯಲ್ಲಿ ಮೀನು ಒಣಗಿಸಿ ಮಾರುವ ಹೆಂಗಸರ ನಡುವೆ. ದೇವಿಮನೆ ಘಟ್ಟ ಇಳಿದರೆ ಎರಡು ತಾಸಿನ ದಾರಿ, ಆದರೆ ನನ್ನ ಮೂಗಿಗೆ ಅದು ಬೇರೆಯೇ ದೇಶವಾಗಿತ್ತು. ಮೊದಲ ದಿನದ ಟಿಪ್ಪಣಿ ಹೀಗಿದೆ:

"ಏಪ್ರಿಲ್ ಕೊನೆ ವಾರ, ಬೆಳಿಗ್ಗೆ ಎಂಟು. ರಾತ್ರಿ ಮಳೆ, ಈಗ ಬಿಸಿಲು. ದಂಡೆಯಲ್ಲಿ ಏಳು ಹೆಂಗಸರು. ಮರಳಿನ ಮೇಲೆ ತಾರ್ಲೆ, ಶೆಟ್ಲಿ ಹರಡಿದ್ದಾರೆ. ಒಬ್ಬೊಬ್ಬರ ಜಾಗಕ್ಕೂ ಗಡಿ ಇದ್ದಂತಿದೆ, ಕೇಳಬೇಕು. ಮಾತು ಕಡಿಮೆ."

ಎಷ್ಟು ಶುದ್ಧವಾದ ಟಿಪ್ಪಣಿ! ಹೊಟ್ಟೆ ತೊಳಸಿ ಬರುತ್ತಿದ್ದರೂ ಮೂಗು ಮುಚ್ಚಿದರೆ ಅವರಿಗೆ ಅವಮಾನ ಅಂತ ಬಾಯಲ್ಲೇ ಉಸಿರಾಡುತ್ತ, ಕಡಲಗಾಳಿ ಬರುವ ಕಡೆಗೆ ಸರಿದು ಸರಿದು ನಿಂತವಳು ನಾನು. ಹತ್ತೇ ನಿಮಿಷಕ್ಕೆ ಏನೋ ನೆಪ ಹೇಳಿ ರಸ್ತೆಗೆ ಓಡಿದವಳೂ ನಾನೇ. ಅದರ ಒಂದಕ್ಷರವೂ ಪುಸ್ತಕದಲ್ಲಿಲ್ಲ. ಹಾಗೆ ಬರೆಯುವುದು ಅಶಾಸ್ತ್ರೀಯ ಅಂದುಕೊಂಡಿದ್ದೆ. ಜೊತೆಗೆ ನಾಚಿಕೆಯೂ ಇತ್ತು. ಮೀನಿನ ವಾಸನೆಗೆ ಮೂಗು ಮುರಿಯುವ ಭಟ್ಟರ ಮನೆ ಹುಡುಗಿ ಅನ್ನಿಸಿಕೊಳ್ಳುವುದು ಯಾರಿಗೆ ಬೇಕಿತ್ತು? ಆ ದಿನದ ವಾಸನೆ ನನಗೆ ಏನು ಹೇಳುತ್ತಿತ್ತು ಅನ್ನುವುದು ಗೊತ್ತಾಗಲು ಮುಂದೆ ಮೂರು ವರ್ಷ ಬೇಕಾಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಹೊರಡುವ ಮುಂಚೆ ಒಂದು ಹಾಳೆ

ಬಸ್ಸು ಹತ್ತುವ ಹಿಂದಿನ ದಿನ ಒಂದು ಹಾಳೆ ತುಂಬಿಸಿ. ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ? (ಗೈಡ್ ಹೇಳಿದರು ಅಂತಾದರೆ ಹಾಗೆಯೇ ಬರೆಯಿರಿ.) ಅಲ್ಲಿಯ ಜನ ಹೇಗಿರುತ್ತಾರೆ ಅಂತ ಅಂದುಕೊಂಡಿದ್ದೇನೆ? ಯಾವುದಕ್ಕೆ ಹೆದರಿಕೆ? ಯಾವುದು ಅಸಹ್ಯ ಆಗಬಹುದು? ಯಾರನ್ನು ಮೆಚ್ಚಿಸಬೇಕು ಅಂತಿದೆ? ಕೊನೆಗೆ, ಅವರ ಕಣ್ಣಿಗೆ ನಾನು ಯಾರು?

ಈ ಕೊನೆಯ ಪ್ರಶ್ನೆಯನ್ನು ಉತ್ತರ ಕನ್ನಡದಲ್ಲಿ ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ಜಗಲಿಗೆ ಕಾಲಿಡುವುದರೊಳಗೆ "ಯಾವ ಊರಾಯ್ತು? ಯಾರ ಪೈಕಿ?" ಬಂದಾಗಿರುತ್ತದೆ. ಹೆಗಡೆ, ಭಟ್ಟ, ಗೌಡ, ಹರಿಕಂತ್ರ, ಅಂಬಿಗ, ಖಾರ್ವಿ: ಅಡ್ಡಹೆಸರು ಹೇಳಿದರೆ ಸಾಕು, ನಿಮ್ಮ ಅಡುಗೆಮನೆಯವರೆಗೂ ಅವರಿಗೆ ಗೊತ್ತಾಗುತ್ತದೆ. ನಾಯಕ ಬೇರೆ, ನಾಯ್ಕ ಬೇರೆ ಅನ್ನುವುದು ಬೆಂಗಳೂರಿನಿಂದ ಬಂದವರಿಗೆ ಹೊಳೆಯಲು ವಾರ ಹಿಡಿಯುತ್ತದೆ. ಊರವರಿಗೆ ಅದು ಒಂದು ಅರ್ಧಾಕ್ಷರದ ಕೆಲಸ. ಹಾಗಾಗಿ ನಿಮ್ಮನ್ನು ನೋಡಿ ಯಾರಾದರೂ ಬಿಗಿದುಕೊಂಡರೆ ಅಥವಾ ಹೆಚ್ಚೇ ಮರ್ಯಾದೆ ಕೊಟ್ಟರೆ, ಅದು ನಿಮಗಲ್ಲ, ನಿಮ್ಮ ಅಡ್ಡಹೆಸರಿಗೆ ಬಂದದ್ದಿರಬಹುದು.

ಆ ಹಾಳೆಯನ್ನು ಲಕೋಟೆಗೆ ಹಾಕಿ ಅಂಟಿಸಿ, ಮನೆಯಲ್ಲೇ ಇಟ್ಟುಹೋಗಿ. ಅರ್ಧ ಕೆಲಸ ಮುಗಿದಾಗ ಒಡೆದು ನೋಡಬೇಕು. ನನ್ನ ಹಾಳೆಯಲ್ಲಿ "ಅಸಹ್ಯ" ಅನ್ನುವ ಪ್ರಶ್ನೆಯ ಮುಂದೆ "ಏನೂ ಇಲ್ಲ" ಅಂತ ಬರೆದಿದ್ದೆ!

ಎಡಬದಿ, ಬಲಬದಿ

ಟಿಪ್ಪಣಿ ಪುಸ್ತಕದ ಎಡಪುಟ ಕಂಡದ್ದಕ್ಕೆ ಕೇಳಿದ್ದಕ್ಕೆ, ಬಲಪುಟ ನಿಮಗೆ ಆದದ್ದಕ್ಕೆ. ಬೇರೆ ಡೈರಿ ಮಾಡಿದರೂ ಆಗುತ್ತದೆ. ಆದರೆ ನನ್ನ ಅನುಭವದಲ್ಲಿ ಬೇರೆ ಡೈರಿ ಒಂದು ವಾರಕ್ಕೆ ನಿಲ್ಲುತ್ತದೆ, ಇಲ್ಲವೇ ಪ್ರೇಮಪತ್ರದ ಹಾಗೆ ಉದ್ದವಾಗುತ್ತದೆ. ಎದುರುಬದುರು ಇದ್ದರೆ ಒಂದಕ್ಕೊಂದು ಕಾವಲು.

ಬಲಪುಟದಲ್ಲಿ ನಾಲ್ಕೇ ಸಂಗತಿ ಸಾಕು. ಮೈಗೆ ಏನಾಯಿತು. ಅದಕ್ಕೆ ತುಸು ಮುಂಚೆ ಏನು ನಡೆಯಿತು. ಎದುರಿಗೆ ಯಾರಿದ್ದರು. ಆಮೇಲೆ ನಾನೇನು ಮಾಡಿದೆ. "ಬೇಜಾರಾಯಿತು" ಅಂತ ಬರೆಯಬೇಡಿ. ನಮ್ಮ ಕಡೆ ಜ್ವರಕ್ಕೂ ಬೇಜಾರು, ಸಾವಿಗೂ ಬೇಜಾರು, ಬಸ್ಸು ತಪ್ಪಿದರೂ ಬೇಜಾರು. ಗಂಟಲು ಕಟ್ಟಿತು, ಕಿವಿ ಬಿಸಿಯಾಯಿತು, ಅಂಗೈ ಬೆವರಿತು, ಎದ್ದು ಹೋಗಬೇಕು ಅನ್ನಿಸಿತು ಅಂತ ಬರೆಯಿರಿ. ಅದಕ್ಕೆ ಹೆಸರು ಕೊಡುವ ಕೆಲಸ ಒಂದು ತಿಂಗಳು ಬಿಟ್ಟು ಮಾಡಿದರಾಯಿತು. ನಾಲ್ಕರಲ್ಲಿ ಎಲ್ಲರೂ ಬಿಡುವುದು ಕೊನೆಯದನ್ನು, ನಾನೇನು ಮಾಡಿದೆ ಅನ್ನುವುದನ್ನು. ನನ್ನ ಲೆಕ್ಕದಲ್ಲಿ ಅದೇ ಮುಖ್ಯ. ಹೊಟ್ಟೆ ತೊಳಸಿದ್ದು ನನ್ನ ಪಾಡು. ಆದರೆ ನಾನು ಗಾಳಿಯ ಕಡೆಗೆ ಸರಿದು ನಿಂತದ್ದನ್ನು ಏಳು ಹೆಂಗಸರು ನೋಡಿದ್ದಾರೆ, ಅದು ದಂಡೆಯಲ್ಲಿ ನಡೆದ ಘಟನೆ.

ಅದೇ ದಿನ ರಾತ್ರಿ, ಮಲಗುವ ಮುಂಚೆ ಬರೆಯಿರಿ. ಬೆಳಿಗ್ಗೆ ಎದ್ದವರು ಬುದ್ಧಿವಂತರಾಗಿಬಿಡುತ್ತಾರೆ, ರಾತ್ರಿಯ ಸಣ್ಣತನವನ್ನೆಲ್ಲ ತಿದ್ದಿಬಿಡುತ್ತಾರೆ.

ಇದರಿಂದ ಏನು ಸಿಗುತ್ತದೆ ಅನ್ನುವುದಕ್ಕೆ ತದಡಿ ಬಂದರಿನ ಒಂದು ಪುಟ ತೋರಿಸುತ್ತೇನೆ. ಎಡಬದಿಯಲ್ಲಿ ಅವತ್ತಿನ ಮೀನಿನ ದರ, ಹರಾಜು ಕೂಗಿದವರು ಯಾರು, ಬುಟ್ಟಿ ಹಿಡಿದ ಹೆಂಗಸರು ಎಷ್ಟು ಅಂತೆಲ್ಲ ಇದೆ. ಬಲಬದಿ: "ನಾನು ಹತ್ತಿರ ಹೋದಕೂಡಲೇ ಮಾತು ನಿಂತಿತು. ಕನ್ನಡದಲ್ಲಿ ಆಡುತ್ತಿದ್ದವರು ಕೊಂಕಣಿಗೆ ತಿರುಗಿದರು. ಕಿವಿ ಬಿಸಿ. ಮೊನ್ನೆ ಸೋಮವಾರ ಇವರೇ ಕರೆದು ಚಾ ಕೊಡಿಸಿದ್ದರು. ಪುಸ್ತಕ ಚೀಲಕ್ಕೆ ಹಾಕಿದೆ. ಆಮೇಲೆ ತುಸು ಸಡಿಲಾದರು. ಇವರಿಗೆ ನಾನು ಬೇಡವಾಗಿದ್ದೇನೆ."

ಆ ಕೊನೆಯ ವಾಕ್ಯ ಹಿಡಿದುಕೊಂಡು ಎರಡು ದಿನ ರೂಮಿನಲ್ಲೇ ಕೂತೆ. ಮೂರು ವಾರದ ಬಲಪುಟ ಒಟ್ಟಿಗೆ ತಿರುವಿ ಹಾಕಿದಾಗ ಕಂಡದ್ದು ಬೇರೆ. ಕಿವಿ ಬಿಸಿಯಾದ ದಿನಗಳೆಲ್ಲ ಬುಧವಾರ. ಸರಿ, ಮುಂದಿನ ಸೋಮವಾರ ಪರಿಚಯದ ಒಬ್ಬರ ಪಕ್ಕ ಕೂತು ಕೇಳಿಯೇಬಿಟ್ಟೆ: "ಅಕ್ಕಾ, ಬುಧವಾರ ನಾ ಬಂದ್ರೆ ಎಲ್ಲ ಸುಮ್ನಾಗ್ತೀರಲ್ಲ, ಎಂತಕ್ಕೆ?" ಅವರು ಎಲೆಗೆ ಸುಣ್ಣ ಹಚ್ಚುತ್ತ ನಕ್ಕರು. "ಬುಧವಾರ ಕಂತಿನವ್ರು ಬರೂದು ತಂಗಿ. ಚೀಲ ಹಾಕ್ಕಂಡು, ಪುಸ್ತಕ ಪೆನ್ನು ಹಿಡ್ಕಂಡು. ದೂರದಿಂದ ನೀನೂ ಹಾಂಗೇ ಕಾಣೂದು."

ನನ್ನ ಪ್ರಬಂಧದ ಸಾಲದ ಅಧ್ಯಾಯ ಶುರುವಾದದ್ದು ಈ ಒಂದು ಮಾತಿನಿಂದ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿ ಕಡಲಿಗಿಳಿಯುವಂತಿಲ್ಲ. ದೋಣಿ ನಿಂತರೂ ವಾರದ ಕಂತು ನಿಲ್ಲುವುದಿಲ್ಲ. ಒಂದು ಗುಂಪಿನ ಕಂತು ಕಟ್ಟಲು ಇನ್ನೊಂದು ಗುಂಪಿನಲ್ಲಿ ಸಾಲ, ಅದಕ್ಕೆ ಕಿವಿಯ ಬೆಂಡೋಲೆ ಅಡ. ಪ್ರಶ್ನಾವಳಿಯಲ್ಲಿ "ನಿಮಗೆ ಸಾಲ ಇದೆಯೇ?" ಅಂತ ನಾನು ಕೇಳಿದ್ದೆ. ಹದಿನಾಲ್ಕು ಮಂದಿ "ಇಲ್ಲ" ಅಂದಿದ್ದರು.

ಇಲ್ಲಿ ಒಂದು ವಿಷಯ ಗಮನಿಸಿ. ನನ್ನ ಮುಜುಗರ ಕೊಟ್ಟ ಉತ್ತರ, ಅಂದರೆ "ಇವರಿಗೆ ನಾನು ಬೇಡ" ಅನ್ನುವುದು, ಪೂರ್ತಿ ತಪ್ಪು. ಅದು ತೋರಿಸಿದ ದಿನ ಮತ್ತು ಜಾಗ ಮಾತ್ರ ಸರಿ. ಸಂಶೋಧಕರ ಭಾವನೆಗೆ ನಾನು ಕೊಡುವ ಬೆಲೆ ಅಷ್ಟೇ: ಮುಂದಿನ ಪ್ರಶ್ನೆಯನ್ನು ಎಲ್ಲಿ ಕೇಳಬೇಕು ಅಂತ ಅದು ಹೇಳುತ್ತದೆ. ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ. "ನನಗೆ ಅನ್ನಿಸಿತು, ಆದ್ದರಿಂದ ಅವರಿಗೂ ಹಾಗೇ" ಅನ್ನುವವರನ್ನು ಈಚೆಗೆ ಹೆಚ್ಚು ನೋಡುತ್ತಿದ್ದೇನೆ. ಭಾವನೆಯನ್ನೇ ಬರೆಯದ ಹಳೆಯ ಕಾಲದವರಿಗಿಂತ ಇವರೇನೂ ವಾಸಿಯಲ್ಲ.

ಜುಲೈ ತಿಂಗಳ ಟಿಪ್ಪಣಿಗಳ ಬಗ್ಗೆ ಒಂದು ಎಚ್ಚರ. ಆಷಾಢದಲ್ಲಿ ನಮ್ಮ ಜಿಲ್ಲೆಯಲ್ಲಿ ಕೂತು "ಇಡೀ ಊರಿಗೆ ಮಂಕು ಕವಿದಿದೆ" ಅಂತ ಬರೆದರೆ, ಅದು ಊರಿಗಲ್ಲ, ನಾಲ್ಕು ದಿನದಿಂದ ಕರೆಂಟಿಲ್ಲದ, ಒಣಗದ ಬಟ್ಟೆ ಹಾಕಿಕೊಂಡ ನಿಮಗೇ ಕವಿದದ್ದಿರಬಹುದು. ಪುಟದ ತುದಿಯಲ್ಲಿ ಮಳೆ, ನಿದ್ದೆ, ಊಟ, ಮುಟ್ಟು, ಜ್ವರ ಇದ್ದರೆ ಗುರುತು ಹಾಕಿಡಿ.

ಸಿಟ್ಟು ಬಂದಾಗ

ಸಿಟ್ಟಿನ ವಿಷಯದಲ್ಲಿ ಎರಡು ಕೆಲಸ. ಅಲ್ಲೇ ಆಡಬೇಕೋ ಬೇಡವೋ ಅಂತ ನಿರ್ಧರಿಸುವುದು ಒಂದು, ರಾತ್ರಿ ಅದು ಯಾರ ಸಿಟ್ಟು ಅಂತ ಹುಡುಕುವುದು ಇನ್ನೊಂದು.

ಮೊದಲನೆಯದಕ್ಕೆ ನಾನು ತರಗತಿಯಲ್ಲಿ ಹೇಳುವ ಉದಾಹರಣೆ ಮಾನವಶಾಸ್ತ್ರಜ್ಞೆ ಜೀನ್ ಬ್ರಿಗ್ಸ್ ಅವರದು. 1960ರ ದಶಕದಲ್ಲಿ ಕೆನಡಾದ ಉತ್ತರದ ತುದಿಯಲ್ಲಿ ಒಂದು ಸಣ್ಣ ಇನ್ಯುಯಿಟ್ ಗುಂಪಿನ ಜೊತೆ, ಒಂದು ಕುಟುಂಬದ ಮಗಳಾಗಿ ಇದ್ದವರು. ಹೊರಗಿನಿಂದ ಬಂದ ಬಿಳಿಯ ಮೀನು ಶಿಕಾರಿಯವರು ಊರವರ ದೋಣಿ ಎರವಲು ಪಡೆದು ಒಂದನ್ನು ಹಾಳುಮಾಡಿದರು, ಇನ್ನೊಂದನ್ನೂ ಕೇಳಿದರು. ಬ್ರಿಗ್ಸ್ ಊರವರ ಪರವಾಗಿಯೇ ಅವರ ಮೇಲೆ ರೇಗಿದರು. ಊರವರು ಮೆಚ್ಚಲಿಲ್ಲ, ತಿಂಗಳುಗಟ್ಟಲೆ ಅವರಿಂದ ದೂರ ಸರಿದರು. ಅಲ್ಲಿ ದೊಡ್ಡವರು ಸಿಟ್ಟು ತೋರಿಸುವುದೇ ಮಗುವಿನ ಬುದ್ಧಿ. 1970ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಈ ಸಿಟ್ಟೂ ಇದೆ, ಅದರಿಂದಾದ ಒಂಟಿತನವೂ ಇದೆ. ಆ ಜನ ಸಿಟ್ಟನ್ನು ಹೇಗೆ ನೋಡುತ್ತಾರೆ ಅನ್ನುವುದಕ್ಕೆ ಅದೇ ಅವರಿಗೆ ದೊಡ್ಡ ದಾರಿಯಾಯಿತು. ಹಾಗಂತ ನೀವೂ ಹೋಗಿ ರೇಗಿ ಬನ್ನಿ ಅನ್ನುತ್ತಿಲ್ಲ.

ಎರಡನೆಯದಕ್ಕೆ ನನ್ನದೇ ಕಥೆ. ಅಡಕೆ ತೋಟದ ಕೆಲಸಗಾರರ ಬಗ್ಗೆ ಅಧ್ಯಯನ ಮಾಡುತ್ತಿದ್ದ ವಿದ್ಯಾರ್ಥಿಯೊಬ್ಬನ ಜೊತೆ ಶಿರಸಿ ತಾಲ್ಲೂಕಿನ ಒಂದು ಮನೆಗೆ ಹೋಗಿದ್ದೆ. ಅಡಕೆ ಕೊನೆ (ಗೊನೆ) ಕೊಯ್ಲಿನ ಸಮಯ. ಆಸರಿಗೆ (ಕುಡಿಯಲು) ಬಂತು. ನಮಗೆ ಜಗಲಿಯಲ್ಲಿ ಸ್ಟೀಲಿನ ಲೋಟದಲ್ಲಿ ಕಷಾಯ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಅಂಗಳದ ಆಚೆ ಹೋಗಿ, ಮಾಡಿನ ಕೆಳಗೆ ಸಿಕ್ಕಿಸಿಟ್ಟಿದ್ದ ಲೋಟ ತಾನೇ ತೆಗೆದು ತೊಳೆದು ಹಿಡಿದ. ಮನೆಯವರು ಎತ್ತರದಿಂದ ಹೊಯ್ದರು. ನನಗೆ ನೆತ್ತಿಗೇರಿತು. ಅಲ್ಲಿ ಏನೂ ಆಡಲಿಲ್ಲ. ಆಡಿದ್ದರೆ ನಾನು ಘಟ್ಟ ಇಳಿದು ಹೋಗುತ್ತಿದ್ದೆ, ಮರುದಿನ ಕೆಲಸ ಕಳೆದುಕೊಳ್ಳುತ್ತಿದ್ದವನು ಅವನು.

ಎರಡು ದಿನ ಬಿಟ್ಟು ಅವನ ಮನೆಗೇ ಹೋಗಿ ಮಾತಾಡಿದೆವು. ಲೋಟದ ಸುದ್ದಿ ನಾನೇ ತೆಗೆದೆ. "ಲೋಟದ್ದು ಸಣ್ಣಿದ್ದಾಗಿಂದ ನೋಡಿದ್ದೇ ಅಮ್ಮಾ, ಅದು ಸರಿ ಅಂತ ಅಲ್ಲ," ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಮಗ ಡಿಗ್ರಿ ಮಾಡಿದಾನೆ. ಆ ಅಂಗಳಕ್ಕೆ ಬಂದ್ರೆ ಅವನಿಗೂ 'ಏನೋ' ಅಂತಾರೆ. ಅವ ಈಗ ಆ ಕಡೆ ಬರೂದೇ ಇಲ್ಲ," ಅಂದ. ನಮ್ಮ ಕಡೆ ತೋಟಿಗರು ಸೇರಿದಲ್ಲೆಲ್ಲ ಒಂದೇ ಮಾತು: ಕೊನೆಗೌಡ ಸಿಗುವುದಿಲ್ಲ, ಹುಡುಗರಿಗೆ ಮೈ ಬಗ್ಗುವುದಿಲ್ಲ. ಆ ಹುಡುಗ ಅಂಗಳ ಯಾಕೆ ಬಿಟ್ಟ ಅನ್ನುವುದು ಆ ಮಾತಿನಲ್ಲಿ ಎಲ್ಲೂ ಬರುವುದಿಲ್ಲ. ವಿದ್ಯಾರ್ಥಿಯ ಅಧ್ಯಯನ ಅಲ್ಲಿಂದ ಬೇರೆ ದಾರಿ ಹಿಡಿಯಿತು.

ಇನ್ನು ನನ್ನ ಸಿಟ್ಟು ಯಾರದ್ದು ಅನ್ನುವುದು. ರಾತ್ರಿ ಬಲಪುಟ ಬರೆಯುತ್ತ ಹೋದ ಹಾಗೆ ಆ ಲೋಟದ ಬಾಯಿಯ ನೆಗ್ಗು ಕೂಡ ನೆನಪಿಗೆ ಬರತೊಡಗಿತು. ಆ ಮನೆಯ ಲೋಟಕ್ಕೆ ನೆಗ್ಗು ಇರಲಿಲ್ಲ. ಅದು ನಮ್ಮ ಅಜ್ಜಿಮನೆಯ ಮಾಡಿನಲ್ಲಿದ್ದ ಲೋಟ. ಎಂಟು-ಹತ್ತು ವರ್ಷದವಳಿದ್ದಾಗ ನಾನೇ ಎಷ್ಟೋ ಸಲ ಅದಕ್ಕೆ ಎತ್ತರದಿಂದ ಚಾ ಹೊಯ್ದಿದ್ದೆ, ಚೆಲ್ಲದ ಹಾಗೆ ಹೊಯ್ಯುತ್ತೇನೆ ಅಂತ ಹೊಗಳಿಸಿಕೊಂಡೂ ಇದ್ದೆ. ನನ್ನ ಸಿಟ್ಟಿನಲ್ಲಿ ಅರ್ಧ ನ್ಯಾಯವಿತ್ತು, ಅರ್ಧ ತಪ್ಪಿಸಿಕೊಳ್ಳುವ ಆತುರವಿತ್ತು. ಇದು ಗೊತ್ತಾಗದೇ ಬರೆದಿದ್ದರೆ ಆ ಮನೆಯವರನ್ನು ರಾಕ್ಷಸರ ಹಾಗೆ ಬರೆಯುತ್ತಿದ್ದೆ, ನನ್ನನ್ನು ದೂರ ನಿಂತು ನೋಡಿದವಳ ಹಾಗೆ.

ದುಃಖದ ಮನೆಗೆ ಹೋಗುವವರು

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಅಲ್ಲಿಂದ ಗಂಗಾವಳಿ ಹೊಳೆಗೆ ಬಿತ್ತು. ನೀರು ಉಕ್ಕಿ ಆಚೆ ದಡದ ಉಳುವರೆ ಎಂಬ ಊರಿಗೂ ನುಗ್ಗಿತು. ತಿಂಗಳೊಳಗೆ ಇಬ್ಬರು ವಿದ್ಯಾರ್ಥಿಗಳು ಬಂದು ಅಲ್ಲಿ ಪ್ರಾಜೆಕ್ಟ್ ಮಾಡುತ್ತೇವೆ ಅಂದರು. ಬೇಡ ಅಂದೆ. ಅವರಿಗೆ ಸಂಕಟ ಆಗಿತ್ತು, ನಿಜ. ಏನಾದರೂ ಮಾಡಬೇಕು ಅನ್ನಿಸಿತ್ತು. ಹಾಗೆ ಅನ್ನಿಸಿದರೆ ಅಕ್ಕಿ ಚೀಲ ತೆಗೆದುಕೊಂಡು ಹೋಗಿ, ರೆಕಾರ್ಡರ್ ಬೇಡ ಅಂದೆ. ಶವಕ್ಕೆ ಕಾಯುತ್ತಿರುವ ಮನೆಗೆ ಪ್ರಶ್ನೆ ಹಿಡಿದು ಹೋಗುವವರಿಗೆ ನನ್ನ ಹತ್ತಿರ ಯಾವ ವಿಧಾನವೂ ಇಲ್ಲ.

ಹಳೆಯ ದುಃಖ ಬೇರೆ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ–ಅಂಕೋಲಾ ತೀರದ ಊರುಗಳನ್ನು ಬಿಟ್ಟು ಎದ್ದವರ ಹತ್ತಿರ ಇಂದಿಗೂ ಆ ಊರಿನ ಸುದ್ದಿ ತೆಗೆದರೆ, ಮಾತು ನೇರ ತೆಂಗಿನ ಮರಕ್ಕೆ ಹೋಗುತ್ತದೆ. ಪುನರ್ವಸತಿ ಕಾಲನಿಯಲ್ಲಿ ಒಬ್ಬ ಅಜ್ಜಿ ತಮ್ಮ ಹಿತ್ತಲಿನ ಮರಗಳನ್ನು ಒಂದೊಂದಾಗಿ ಎಣಿಸಿದರು. ಬಾವಿಯ ಹತ್ತಿರದ್ದು, ಗಂಡ ನೆಟ್ಟಿದ್ದು, ಸಿಡಿಲು ಬಡಿದೂ ಬದುಕಿದ್ದು. ಹನ್ನೊಂದನೆಯ ಮರಕ್ಕೆ ನನ್ನ ಕಣ್ಣು ತುಂಬಿ ಬಂತು, ತಡೆಯಲಾಗಲಿಲ್ಲ. ಅಜ್ಜಿ ಎಣಿಸುವುದನ್ನು ಬಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು, ಒಳಗೆ ಹೋಗಿ ನನಗೆ ನೀರು ತಂದರು. ಅವರ ದುಃಖದ ಮೇಲೆ ನನ್ನನ್ನು ಸಮಾಧಾನ ಮಾಡುವ ಕೆಲಸವನ್ನೂ ಹೊರಿಸಿದ ಹಾಗಾಯಿತು. ಉಳಿದ ಮರಗಳ ಸುದ್ದಿ ಅವತ್ತು ಬರಲೇ ಇಲ್ಲ.

ಅತ್ತರೆ ತಪ್ಪೇನಲ್ಲ. ಆದರೆ ಅವರು ನಿಮಗಾಗಿ ಎದ್ದು ನೀರು ತರುವಷ್ಟು ಅಳಬೇಡಿ. ಅವರು ಅಳುತ್ತಿದ್ದರೆ ರೆಕಾರ್ಡರ್ ನಿಲ್ಲಿಸಿ, ಪಟ್ಟಿಯ ಮುಂದಿನ ಪ್ರಶ್ನೆ ಕೇಳಬೇಡಿ, ಸುಮ್ಮನೆ ಕೂತಿರಿ. ಹೊರಡುವಾಗ, "ಇದನ್ನು ನಾನು ಬರೆಯಬಹುದಾ?" ಅಂತ ಇನ್ನೊಮ್ಮೆ ಕೇಳಿ. ಬೆಳಿಗ್ಗೆ ಹೇಳಿದ "ಹೂಂ" ಸಂಜೆಯ ಅಳುವಿಗೆ ಅನ್ವಯಿಸುವುದಿಲ್ಲ.

ದುಃಖ ತಿಳಿವಳಿಕೆಗೆ ದಾರಿಯಾಗುವುದು ಹೇಗೆ ಅನ್ನುವುದಕ್ಕೆ ಮಾನವಶಾಸ್ತ್ರಜ್ಞ ರೆನಾಟೊ ರೊಸಾಲ್ಡೊ ಅವರ ಅನುಭವವನ್ನು ಎಲ್ಲರೂ ಹೇಳುತ್ತಾರೆ. ಫಿಲಿಪ್ಪೀನ್ಸಿನ ಇಲೊಂಗೊಟ್ ಜನ, ಆಪ್ತರು ಸತ್ತಾಗ ಹುಟ್ಟುವ ಸಿಟ್ಟೇ ತಮ್ಮನ್ನು ತಲೆ ಕಡಿಯಲು ಹೊರಡಿಸುತ್ತದೆ ಅನ್ನುತ್ತಿದ್ದರು. ಈ ವಿವರಣೆ ತೀರ ಸರಳವಾಯಿತು ಅಂತ ರೊಸಾಲ್ಡೊ ವರ್ಷಗಟ್ಟಲೆ ನಂಬಲಿಲ್ಲ. 1981ರಲ್ಲಿ ಪತ್ನಿ, ತಾವೂ ಮಾನವಶಾಸ್ತ್ರಜ್ಞೆಯಾಗಿದ್ದ ಮಿಶೆಲ್ ರೊಸಾಲ್ಡೊ, ಫಿಲಿಪ್ಪೀನ್ಸಿನಲ್ಲೇ ಇಫುಗಾವೊ ಎಂಬ ಬೇರೆ ಜನರ ನಡುವೆ ಕ್ಷೇತ್ರಕಾರ್ಯದಲ್ಲಿದ್ದಾಗ ಕಡಿದಾದ ಜಾಗದಿಂದ ಬಿದ್ದು ತೀರಿಕೊಂಡರು. ಆಮೇಲೆ ತಮ್ಮೊಳಗೆ ಎದ್ದ ಸಿಟ್ಟು ನೋಡಿ, ಆ ಜನ ಹೇಳಿದ್ದು ಇದನ್ನೇ ಅಂತ ರೊಸಾಲ್ಡೊ ಬರೆದರು. ಈ ಕಥೆ ಹೇಳಿದಾಗಲೆಲ್ಲ ಯಾರಾದರೂ ವಿದ್ಯಾರ್ಥಿ "ಹಾಗಾದರೆ ಅನುಭವಿಸದೇ ಅರ್ಥವಾಗುವುದಿಲ್ಲವಾ?" ಅನ್ನುತ್ತಾರೆ. ನಾನು ಅದನ್ನು ಓದುವುದು ಬೇರೆ ರೀತಿ: ಇಲೊಂಗೊಟರು ಮೊದಲ ದಿನವೇ ಸರಿಯಾಗಿ ಹೇಳಿದ್ದರು.

ಹೆದರಿಕೆ

ಹೆದರಿಕೆಗೆ ಮಾತ್ರ ಮೇಲಿನ ಯಾವ ನಿಯಮವೂ ಇಲ್ಲ. ರಾತ್ರಿ ಜಾಗ ಸರಿಯಿಲ್ಲ ಅನ್ನಿಸಿದರೆ, ಯಾರದೋ ನೋಟ, ಕೈ, ಮೆಸೇಜು ಮೈಗೆ ಹಿಡಿಸದಿದ್ದರೆ ಎದ್ದು ಬನ್ನಿ. ವಿಶ್ಲೇಷಣೆ ಆಮೇಲೆ. "ನಾನೇ ಹೆಚ್ಚು ಯೋಚಿಸ್ತಿದೇನಾ" ಅಂತ ಅಲ್ಲಿ ಕೂತು ಲೆಕ್ಕ ಹಾಕಬೇಡಿ. ಗೈಡಿಗೆ ಅಲ್ಲದೆ ಊರಿನ ಒಬ್ಬ ಹೆಂಗಸಿಗೂ ನೀವು ಎಲ್ಲಿದ್ದೀರಿ ಅನ್ನುವುದು ದಿನಾ ಗೊತ್ತಿರಲಿ. ಡೇಟಾ ಹೋದರೆ ಹೋಯಿತು.

ಪ್ರೀತಿ ಹೆಚ್ಚಾದರೆ

ಸಿಟ್ಟಿಗಿಂತ ಇದು ಕಷ್ಟ, ಯಾಕೆಂದರೆ ಇದು ಸಮಸ್ಯೆ ಅಂತ ಅನ್ನಿಸುವುದೇ ಇಲ್ಲ. ಆರು ತಿಂಗಳಾಗುವಾಗ ನೀವು ಆ ಮನೆಯ ಮಗಳು. ನಾನು ಮೀನು ತಿನ್ನುವುದಿಲ್ಲ ಅಂತ ನನಗಾಗಿ ಬೇರೆ ಪಾತ್ರೆಯಲ್ಲಿ ಬಸಳೆ ಬೇಯಿಸಿಟ್ಟವರ ಬಗ್ಗೆ, ಅವರ ಮಗ ಹೆಂಡತಿಗೆ ಹೊಡೆಯುತ್ತಾನೆ ಅಂತ ಬರೆಯಲು ಪೆನ್ನು ಏಳುತ್ತದೆಯೇ? ನನ್ನದು ಏಳಲಿಲ್ಲ. ಎಡಪುಟದಲ್ಲಿ ಆ ಮನೆಯ ಸುದ್ದಿ ಕಡಿಮೆಯಾಗುತ್ತ ಬಂದದ್ದು ಎಣಿಸಿ ನೋಡಿದಾಗಲೇ ಗೊತ್ತಾದದ್ದು.

ಪುಸ್ತಕದ ಹಿಂದಿನ ನಾಲ್ಕು ಹಾಳೆ ಬಿಟ್ಟಿಡಿ. ತಲೆಬರಹ: "ಬರೆಯಬಾರದು ಅನ್ನಿಸಿದ್ದು". ಏನು ಬಿಟ್ಟೆ, ಯಾಕೆ ಬಿಟ್ಟೆ ಅಂತ ಒಂದೊಂದು ಸಾಲು. ಅವರಿಗೆ ಕೇಡಾಗುತ್ತದೆ ಅಂತ ಬಿಟ್ಟದ್ದು ಬಿಟ್ಟೇ ಇರಲಿ. ನನಗೆ ಮುಜುಗರ ಅಂತ ಬಿಟ್ಟದ್ದನ್ನು ಮತ್ತೆ ತೆಗೆಯಬೇಕಾದೀತು. ಎರಡೂ ಒಂದೇ ಅಲ್ಲ, ಆದರೆ ಬರೆಯದೇ ಇದ್ದರೆ ಒಂದೇ ಅನ್ನಿಸುತ್ತದೆ.

ಋಣದ ವಿಷಯವೂ ಇದೇ ಸಾಲಿನದು. ಸಂಶೋಧಕರು ಈ ಜಿಲ್ಲೆಗೆ ಹೊಸಬರಲ್ಲ. ಹಾಲಕ್ಕಿ ಒಕ್ಕಲಿಗರ ಹಾಡು ಕೇಳಿಕೊಂಡು ಅಂಕೋಲೆಗೆ ಬಂದವರು ಎಷ್ಟೋ ಮಂದಿ. 2017ರಲ್ಲಿ ಪದ್ಮಶ್ರೀ ಪಡೆದ, 2025ರಲ್ಲಿ ತೀರಿಕೊಂಡ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಅಂಗಳದಲ್ಲಂತೂ ಕ್ಯಾಮೆರಾ, ರೆಕಾರ್ಡರ್ ಹೊಸತೇ ಆಗಿರಲಿಲ್ಲ. ಕೆಲವು ಕೇರಿಗಳಲ್ಲಿ ನಿಮ್ಮನ್ನು ನೋಡಿದಕೂಡಲೇ "ಹಾಡ್ಬೇಕಾ?" ಅನ್ನುತ್ತಾರೆ. ಆ ಪ್ರಶ್ನೆ ಕೇಳಿ ನಿಮಗೆ ಚುಚ್ಚಿದರೆ, ಚುಚ್ಚಿದ್ದನ್ನು ಬಲಪುಟಕ್ಕೆ ಹಾಕಿ, ನಿಮಗಿಂತ ಮುಂಚೆ ಬಂದವರು ಯಾರು, ತೆಗೆದುಕೊಂಡು ಹೋದದ್ದೇನು, ಕೊಟ್ಟದ್ದೇನು ಅಂತ ಕೇಳಿ. ಬರುವ ಉತ್ತರ ಕೆಲವು ಸಲ ಹಾಡಿಗಿಂತ ಉದ್ದವಿರುತ್ತದೆ.

ಬರೆಯಲು ಕೂತಾಗ

ಈಗ ಲಕೋಟೆ ಒಡೆದು, ಎಲ್ಲ ಬಲಪುಟಗಳನ್ನು ಒಟ್ಟಿಗೆ ಓದಿ. ಮತ್ತೆ ಮತ್ತೆ ಬಂದ ದಿನ, ಜಾಗ, ವ್ಯಕ್ತಿಗೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯಿರಿ. ಪ್ರತಿ ಗೆರೆಗೂ ಎದುರಿನ ಎಡಪುಟದಲ್ಲಿ ಏನಾದರೂ ಆಧಾರ ಇದೆಯೇ ನೋಡಿ. ಇಲ್ಲದಿದ್ದರೆ ಮತ್ತೆ ಹೋಗಿ ಕೇಳಬೇಕು. ಹೋಗಲಾಗದಿದ್ದರೆ ಅದನ್ನು ಪ್ರಬಂಧಕ್ಕೆ ತರಬೇಡಿ.

ಪ್ರಬಂಧದಲ್ಲಿ "ನಾನು" ಎಷ್ಟು ಬರಬೇಕು? ವಾಕ್ಯ ತೆಗೆದು ನೋಡಿ. ಆ ಜನರ ಬಗ್ಗೆ ಓದುಗರಿಗೆ ತಿಳಿಯುವುದು ಕಡಿಮೆಯಾದರೆ ಇರಲಿ, ಇಲ್ಲದಿದ್ದರೆ ಹೋಗಲಿ. ನನ್ನ ಪ್ರಬಂಧದಲ್ಲಿ ಬುಧವಾರ ಉಳಿಯಿತು, ಹನ್ನೊಂದನೆಯ ಮರಕ್ಕೆ ಅತ್ತದ್ದು ಹೋಯಿತು.

ಡೈರಿ ಜೋಪಾನ ಅನ್ನುವುದಕ್ಕೆ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿಯ ಕಥೆ ಸಾಕು. ಮೊದಲ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದು, ಜನರ ನಡುವೆ ಬೆರೆತು ಅಧ್ಯಯನ ಮಾಡುವ ಕ್ರಮವನ್ನು ಜಗತ್ತಿಗೆ ಕಲಿಸಿದವರು. 1942ರಲ್ಲಿ ತೀರಿಕೊಂಡರು. 1967ರಲ್ಲಿ ಅವರ ಖಾಸಗಿ ದಿನಚರಿ ಅಚ್ಚಾದಾಗ, ಆ ಜನರ ಮೇಲೆ ಅವರಿಗಿದ್ದ ರೇಗಾಟ, ತಿರಸ್ಕಾರ, ಊರಿನ ಹಂಬಲ ಎಲ್ಲ ಹೊರಗೆ ಬಿತ್ತು. ದೊಡ್ಡ ಗದ್ದಲವಾಯಿತು. ಅವರು ಎಡಪುಟ ಮಾತ್ರ ಪುಸ್ತಕ ಮಾಡಿದ್ದರು, ಬಲಪುಟ ಬೇರೆಯವರು ಪ್ರಕಟಿಸಿದರು ಅಂತ ನಾನು ತಮಾಷೆ ಮಾಡುವುದುಂಟು. ನಿಮ್ಮ ಬಲಪುಟದಲ್ಲಿ ನಿಜವಾದ ಹೆಸರು ಬೇಡ, ಗುರುತಿನ ಅಕ್ಷರ ಸಾಕು. ಅಕ್ಷರ ಯಾರದು ಅನ್ನುವ ಪಟ್ಟಿ ಬೇರೆ ಕಡೆ ಇರಲಿ.

ಪ್ರತಿಗಳನ್ನೂ ಬೇರೆ ಬೇರೆ ಜಾಗದಲ್ಲಿಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಸಂಸ್ಕರಿಸಿ ಮೂರು ಪ್ರತಿ ಇಟ್ಟಿದ್ದರು. ಮೂರೂ ಸ್ಟ್ಯಾನ್‌ಫರ್ಡಿನ ಒಂದೇ ಕೋಣೆಯಲ್ಲಿದ್ದವು. 1970ರಲ್ಲಿ ಯಾರೋ ಹಚ್ಚಿದ ಬೆಂಕಿಗೆ ಹೋದವು. ಆಮೇಲೆ ಅವರು ಆ ಹಳ್ಳಿಯನ್ನು ನೆನಪಿನಿಂದಲೇ ಬರೆದರು, 1976ರಲ್ಲಿ ಪುಸ್ತಕ ಬಂತು. ನಮಗೆ ಅಷ್ಟು ನೆನಪಿರುವುದಿಲ್ಲ.

ಓದಿ ಹೇಳಿ

ಕೊನೆಯ ಹೆಜ್ಜೆ, ಎಲ್ಲರೂ ಬಿಡುವ ಹೆಜ್ಜೆ ಕೂಡ. ಬರೆದದ್ದನ್ನು ಯಾರ ಬಗ್ಗೆ ಬರೆದಿರೋ ಅವರಿಗೇ ಓದಿ ಹೇಳಿ. ನಿಮ್ಮ ಭಾವನೆಯ ಭಾಗವನ್ನೂ ಓದಿ. ಕೈ ನಡುಗುತ್ತದೆ, ಓದಿ.

ಮೂರನೆಯ ವರ್ಷ, ಅದೇ ದಂಡೆ, ಅದೇ ಏಳರಲ್ಲಿ ಐವರು. ಮೊದಲ ದಿನದ ಬಗ್ಗೆ ಆಮೇಲೆ ಬರೆದುಕೊಂಡ ಭಾಗ ಓದಿದೆ. ಹೊಟ್ಟೆ ತೊಳಸಿದ್ದು, ಬಾಯಲ್ಲಿ ಉಸಿರಾಡಿದ್ದು, ಸರಿದು ನಿಂತದ್ದು, ರಸ್ತೆಗೆ ಓಡಿದ್ದು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಓಡಿದ ರೀತಿಯನ್ನು ಒಬ್ಬರು ಎದ್ದು ಮಾಡಿ ತೋರಿಸಿದರು. ಎಲ್ಲರಿಗೂ ಅವತ್ತೇ ಗೊತ್ತಿತ್ತು. ನಗು ನಿಂತ ಮೇಲೆ ಹಿರಿಯವರು ಹೇಳಿದರು:

"ಅಲ್ಲ ತಂಗಿ, ಒಣಮೀನು ಹಾಂಗೆ ನಾರೂದಿಲ್ಲ. ನೀ ಬಂದ ದಿನ ರಾತ್ರಿ ಮಳೆ ಬಿದ್ದು ಮೀನೆಲ್ಲ ಕೊಳ್ತಿತ್ತು. ಅವತ್ತು ನಮ್ಗೆಲ್ಲ ಎಷ್ಟು ಲಾಸು. ಮೀನು ತಕಂಡದ್ದೂ ಸಾಲ ಮಾಡಿ. ಅದಕ್ಕೇ ಯಾರೂ ಮಾತಾಡ್ಲಿಲ್ಲ ನಿನ್ನ ಹತ್ರ. ಅದನ್ನೂ ಬರಿ."

ರೂಮಿಗೆ ಬಂದು ಹಳೆಯ ಪುಸ್ತಕ ತೆಗೆದೆ. ಎಡಪುಟದಲ್ಲಿ ಎಲ್ಲ ಇತ್ತು: "ರಾತ್ರಿ ಮಳೆ." "ಮಾತು ಕಡಿಮೆ." ಎರಡರ ನಡುವೆ ಇರಬೇಕಾಗಿದ್ದ ವಾಸನೆ ಒಂದೇ ಇರಲಿಲ್ಲ. ಅದನ್ನು ಅವತ್ತೇ ಬರೆದಿದ್ದರೆ, ಮುಂದೆ ಒಳ್ಳೆಯ ಬಿಸಿಲಿನಲ್ಲಿ ಒಣಗಿದ ಮೀನಿನ ಪಕ್ಕ ಕೂತ ದಿನ ಹೊಟ್ಟೆ ಯಾಕೆ ತೊಳಸಲಿಲ್ಲ ಅಂತ ನನಗೇ ಅನುಮಾನ ಬರುತ್ತಿತ್ತು. ಬರಲಿಲ್ಲ, ಅಭ್ಯಾಸವಾಯಿತು ಅಂದುಕೊಂಡೆ.

ಈಗ ವಿದ್ಯಾರ್ಥಿಗಳ ಪುಸ್ತಕ ನೋಡುವಾಗ ಮೊದಲು ತೆಗೆಯುವುದು ಮೊದಲ ದಿನದ ಬಲಪುಟವನ್ನು. ಖಾಲಿ ಇದ್ದರೆ ವಾಪಸ್ ಕೊಡುತ್ತೇನೆ.